ಮುಳ್ಳುಹಂದಿ ನಾಣ್ಯವೂ ನನ್ನ ಷಡ್ಡಕನೂ

ಬಣಕಲ್ಲಿನ ಬಸ್ ಸ್ಟಾಪಿನ ಎದುರು ನನ್ನದೊಂದು ಅಂಗಡಿ ಇದೆ. ಕಳೆ ಕೊಚ್ಚುವ ಮಿಷನ್, ಔಷಧಿ ಹೊಡೆಯುವ ಸ್ಪ್ರೇಯರ್, ಇವುಗಳ ರಿಪೇರಿ ನನ್ನ ಉದ್ಯೋಗ. ಯಾವ ಎಸ್ಟೇಟಿನ ಯಾವ ಮಿಷನ್ ಬಂದರೂ ಬಿಚ್ಚಿ, ಜೋಡಿಸಿ, ಮಿಕ್ಕಿದ ಸ್ಕ್ರೂಗಳನ್ನು ಗೌರವಪೂರ್ವಕವಾಗಿ ಡಬ್ಬಿಗೆ ಹಾಕಿ, ಸ್ಟಾರ್ಟ್ ಮಾಡಿಕೊಟ್ಟವನು ನಾನು. ಅಂಥವನಿಗೆ ಕ್ರಿಪ್ಟೋ ಮೈನಿಂಗ್ ಯಾವ ಮಹಾ?

ಹಾಗಂತ ನನಗೆ ಅನಿಸಿತ್ತು.

ವಿಷಯ ಸರಳ. ನಮ್ಮ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಊಹಿಸುತ್ತ ಕೂರುತ್ತದೆ. ಪ್ರಪಂಚದ ಬೇರೆ ಬೇರೆ ಕಂಪ್ಯೂಟರುಗಳೂ ಅದನ್ನೇ ಊಹಿಸುತ್ತಿರುತ್ತವೆ. ಯಾರ ಊಹೆ ಮೊದಲು ಸರಿಯಾಯಿತೋ ಅವರಿಗೆ ನಾಣ್ಯ. ಜೇಬಿಗೆ ಹಾಕುವ ನಾಣ್ಯವಲ್ಲ, ಪರದೆಯ ಮೇಲೆ ಕಾಣುವ ನಾಣ್ಯ. ಇಂಟರ್‌ನೆಟ್ ಮಾರುಕಟ್ಟೆಯಲ್ಲಿ ಮಾರಿದರೆ ರೂಪಾಯಿಯಾಗುತ್ತದೆ. ದೊಡ್ಡ ದೊಡ್ಡ ನಾಣ್ಯಗಳಿಗೆ ಫ್ಯಾಕ್ಟರಿ ಕಟ್ಟಿಕೊಂಡವರೇ ಕೂತಿದ್ದಾರೆ. ಅದಕ್ಕೇ ನಾನು ಬೆರಳೆಣಿಕೆಯ ಹವ್ಯಾಸಿಗಳು ಮಾತ್ರ ಕೈಯಾಡಿಸುವ ಒಂದು ಪುಟ್ಟ ನಾಣ್ಯವನ್ನು ಹುಡುಕಿದೆ. ಅದರ ಚಿತ್ರದಲ್ಲಿ ಮೈತುಂಬ ಮುಳ್ಳಿರುವ ಒಂದು ಪ್ರಾಣಿ ಇತ್ತು. ವಿದೇಶಿ ಹೆಸರು ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ‘ಮುಳ್ಳುಹಂದಿ’ ಎಂದು ನಾಮಕರಣವಾಯಿತು.

ವಾಷಿಂಗ್ ಮಿಷನ್‌ಗೆಂದು ಎತ್ತಿಟ್ಟಿದ್ದ ಹಣದಲ್ಲಿ ಕಂಪ್ಯೂಟರಿನ ಊಹೆಗೆ ವೇಗ ಕೊಡುವ ಒಂದು ಗ್ರಾಫಿಕ್ಸ್ ಕಾರ್ಡ್ ಬಂತು. ಹೆಂಡತಿ ಸುಮಾ ವಿಚಾರಣೆಗೆ ಕೂತಳು.

“ಅಲ್ಲಾರೀ, ಬೇರೆಯವ್ರೂ ಇದನ್ನೇ ಶುರು ಮಾಡಿದ್ರೆ?”

“ಆಗ ಡಿಫಿಕಲ್ಟಿ ಏರುತ್ತೆ.”

“ಎಂಥದದು?”

“ಕಷ್ಟದ ಮಟ್ಟ. ನಾಣ್ಯ ಹುಟ್ಟೋ ವೇಗ ಯಾವಾಗ್ಲೂ ಹೆಚ್ಚುಕಮ್ಮಿ ಒಂದೇ. ಜನ ಜಾಸ್ತಿ ಆದ್ರೆ ಆ ಪ್ರೋಗ್ರಾಮು ಊಹಿಸೋದನ್ನ ತಾನಾಗೇ ಕಷ್ಟ ಮಾಡುತ್ತೆ, ಕಮ್ಮಿ ಆದ್ರೆ ಸುಲಭ ಮಾಡುತ್ತೆ.”

ಸುಮಾ ಯೋಚಿಸಿದಳು. “ಹೊರನಾಡು ದೇವಸ್ಥಾನದಲ್ಲಿ ಊಟಕ್ಕೆ ಎಷ್ಟು ಜನ ಬಂದ್ರೂ ಇನ್ನೊಂದು ಎಲೆ ಹಾಕ್ತಾರೆ. ಇಲ್ಲಿ?”

“ಇಲ್ಲಿ ಜನ ಬಂದಷ್ಟೂ ಎಲೆನ ಮೇಲೆ ಮೇಲೆ ಕಟ್ತಾರೆ. ಹಾರಿ ಊಟ ಮಾಡ್ಬೇಕು.”

“ನಿಮಗೆ ಮಂಡಿನೋವು ಬೇರೆ!” ಎಂದಳು.

ಮೊದಮೊದಲು ಎಲೆ ನೆಲದಲ್ಲೇ ಇತ್ತು. ನಾಣ್ಯಗಳು ಬಂದವು! ದಿನಾ ಬಂದವು! ಒಂದೊಂದು ಹುಟ್ಟಿದಾಗಲೂ ಕಂಪ್ಯೂಟರ್ ‘ಕಿಚ್’ ಎನ್ನುತ್ತಿತ್ತು. ಕಂಪ್ಯೂಟರಿನ ಕಾವಿಗೆ ಕೋಣೆ ಬೆಚ್ಚಗಾಗಿ, ಸುಮಾ ಅಲ್ಲೇ ಹಗ್ಗ ಕಟ್ಟಿ ಬಟ್ಟೆ ಹರವಿದಳು. ಆಷಾಢದ ಮಳೆಯಲ್ಲಿ ಗರಿಗರಿಯಾಗಿ ಒಣಗಿದ ಬನಿಯನ್ ತೊಟ್ಟ ಗಂಡಸು ಇಡೀ ಬಣಕಲ್ಲಿನಲ್ಲಿ ನಾನೊಬ್ಬನೇ.

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಮುಚ್ಚಿಕೊಳ್ಳಲಿಲ್ಲ.

ಸುಮಾಳ ಅಕ್ಕನನ್ನು ಕಳಸಕ್ಕೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಮೆಣಸಿನ ವ್ಯಾಪಾರಿ ರಾಜಣ್ಣ. ನಾನು ಸ್ಕೂಟರ್ ಕೊಂಡರೆ ಅವರು ಜೀಪ್ ಕೊಳ್ಳುತ್ತಾರೆ. ನನಗೆ ಸ್ವಲ್ಪ ಬಿಪಿ ಇದೆ ಎಂದು ಗೊತ್ತಾದ ವಾರವೇ ಅವರಿಗೆ ಬಿಪಿಯ ಜೊತೆ ಶುಗರೂ ಬಂತು! ಅಂಥವರ ಮನೆಗೆ ಊಟಕ್ಕೆ ಹೋದಾಗ, ನಾನು ಪಾಯಸ ಕುಡಿಯುತ್ತ ಮುಳ್ಳುಹಂದಿಯ ಬಗ್ಗೆ ಸವಿಸ್ತಾರವಾದ ಉಪನ್ಯಾಸ ನೀಡಿದೆ.

“ನಮಗೆ ಅದೆಲ್ಲ ತಲೆಗೆ ಹತ್ತಲ್ಲ ಮಾರಾಯ್ರೆ” ಎಂದರು ರಾಜಣ್ಣ. ಎಂದು ಇನ್ನೊಂದು ಸೌಟು ಪಾಯಸ ಹಾಕಿಸಿದರು. “ಯಾವ ಕಾರ್ಡ್ ಅಂದ್ರಿ?”

ಹೇಳಿದೆ. ಕಾರ್ಡ್ ಕೊಂಡ ಅಂಗಡಿಯ ವಿಳಾಸವನ್ನೂ ಹೇಳಿದೆ.

ಸ್ವಲ್ಪ ದಿನಕ್ಕೆ ಡಿಫಿಕಲ್ಟಿ ಏರತೊಡಗಿತು. ನಾಣ್ಯಗಳು ಅಪರೂಪದ ನೆಂಟರ ಹಾಗೆ ಬರತೊಡಗಿದವು. ಇದು ವಿದೇಶಿ ಶಕ್ತಿಗಳ ಕೈವಾಡ ಎಂದು ತೀರ್ಮಾನಿಸಿ ಇನ್ನೊಂದು ಕಾರ್ಡ್ ತಂದೆ. ಡಿಫಿಕಲ್ಟಿ ಇನ್ನೂ ಏರಿತು! ಆ ಹೊತ್ತಿಗೆ ಸುಮಾ ಅಕ್ಕನ ಜೊತೆ ಫೋನಿನಲ್ಲಿ ಮಾತು ಮುಗಿಸಿ ಬಂದು, “ರೀ, ಅಕ್ಕನ ಮನೇಲೂ ಈಗ ಬಟ್ಟೆ ಚೆನ್ನಾಗಿ ಒಣಗ್ತಿದ್ಯಂತೆ!” ಎಂದಳು.

 ನಾನು ಕೂಡಲೇ ಕಳಸಕ್ಕೆ ಫೋನ್ ಹಚ್ಚಿದೆ.

“ರಾಜಣ್ಣ, ನೀವು ಮೈನಿಂಗ್ ಮಾಡ್ತಿದೀರಾ?”

“ಛೆ ಛೆ! ಬಟ್ಟೆ ಒಣಗಿಸ್ತಿದೀನಿ ಅಷ್ಟೇ.”

ಯುದ್ಧ ಶುರುವಾಯಿತು. ನಾನೊಂದು ಕಾರ್ಡ್ ಹಾಕಿದರೆ ಅವರೊಂದು ಹಾಕುವರು. ಪುಟ್ಟ ನಾಣ್ಯವಾದ್ದರಿಂದ ನಮ್ಮಿಬ್ಬರದೇ ಭಾರ. ಇಬ್ಬರೂ ಖರ್ಚು ಮಾಡಿ ಮಾಡಿ, ಒಬ್ಬರ ಎಲೆಯನ್ನು ಇನ್ನೊಬ್ಬರು ಸೂರಿಗೆ ಏರಿಸುತ್ತಿದ್ದೆವು. ಆದರೆ ಕಳಸದಲ್ಲಿ ಕರೆಂಟ್ ಹೋಗಿ ಬಣಕಲ್ಲಿನಲ್ಲಿ ಉಳಿದ ದಿನ ಡಿಫಿಕಲ್ಟಿ ಸರ್ರನೆ ಇಳಿದು ನನಗೆ ಸುಗ್ಗಿ! ಹಾಗಾಗಿ ಕಳಸದ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಅಂಗಡಿಯಿಂದ ಓಡಿಹೋಗಿ ಕೇಳುವುದೇ ನನ್ನ ಕೆಲಸವಾಯಿತು.

“ಕಳಸದಲ್ಲಿ ಕರೆಂಟು ಉಂಟಾ?”

“ಎಲ್ಲಿದೆ ಮಾರಾಯ್ರೆ! ಲೈನ್ ಮೇಲೆ ಮರ ಬಿದ್ದಿದೆ” ಎಂದರು ಒಬ್ಬ ವಯಸ್ಸಾದ ಪ್ಲಾಂಟರು. ಸಂತೋಷ ತಡೆಯಲಾರದೆ ಅವರ ಕೈ ಹಿಡಿದುಕೊಂಡೆ. ನನ್ನ ಕಣ್ಣಲ್ಲಿ ನೀರು ಕಂಡು ಅವರು, “ಬೇರೆ ಊರಿನ ಕಷ್ಟಕ್ಕೆ ಇಷ್ಟು ಮರುಗೋರು ಈ ಕಾಲದಲ್ಲಿ ಯಾರಿದಾರೆ!” ಎಂದು ಬೆನ್ನು ತಟ್ಟಿ ಹೋದರು. ರಿಪೇರಿಗೆ ಬಂದ ಮಿಷನ್‌ಗಳು ಮಾತ್ರ ಬಿಚ್ಚಿದಲ್ಲೇ ಬಿದ್ದಿದ್ದವು. ಎಸ್ಟೇಟಿನ ಮೇಸ್ತ್ರಿಗಳು ಬಂದು ಬೈದು, ಬೇರೆ ಅಂಗಡಿಗೆ ಹೊತ್ತುಕೊಂಡು ಹೋಗತೊಡಗಿದರು.

ಅಷ್ಟರಲ್ಲಿ ರಾಜಣ್ಣ ಜನರೇಟರ್ ತಂದರು.

ಇನ್ನು ಉಳಿದಿದ್ದು ಬುದ್ಧಿಯುದ್ಧ. ಮುಳ್ಳುಹಂದಿ ಹವ್ಯಾಸಿಗಳದ್ದು ಇಂಟರ್‌ನೆಟ್ಟಿನಲ್ಲಿ ಒಂದು ಗುಂಪಿತ್ತು. ರಾಜಣ್ಣನೂ ಅದರಲ್ಲಿದ್ದರು. ಅವರನ್ನು ಓಡಿಸಲೆಂದು ನಾನಲ್ಲಿ ಗಂಭೀರವಾಗಿ ಬರೆದೆ: “ಆಳವಾದ ತಾಂತ್ರಿಕ ಪರಿಶೀಲನೆಯಿಂದ ತಿಳಿದುಬಂದಿರುವುದೇನೆಂದರೆ, ಸದರಿ ನಾಣ್ಯವು ಶೀಘ್ರದಲ್ಲೇ ಅಸ್ತಂಗತವಾಗಲಿದೆ. ನನ್ನ ಪಾಲಿನದನ್ನೆಲ್ಲ ನಾನು ಮಾರಿದ್ದೇನೆ.” ಕಂಪ್ಯೂಟರ್ ಅದನ್ನು ಇಂಗ್ಲಿಷಿಗೆ ಇನ್ನೂ ಭಯಂಕರವಾಗಿ ಅನುವಾದಿಸಿತು. ನಂಬಿಕೆ ಬರಲೆಂದು ಕೆಳಗೆ ನನ್ನ ಹೆಸರನ್ನೂ ಹಾಕಿದೆ.

ನಂಬಿಕೆ ಬಂತು. ಎಲ್ಲರಿಗೂ ಬಂತು!

ಒಬ್ಬ, ತನಗೆ ಮೊದಲೇ ಅನುಮಾನವಿತ್ತು ಎಂದ. ಇನ್ನೊಬ್ಬ, ತಾನೇ ಕಣ್ಣಾರೆ ಕಂಡೆ ಎಂದ. ಏನು ಕಂಡನೋ! ಸಂಜೆಯೊಳಗೆ ಸಕಲ ದೇಶಗಳ ಹವ್ಯಾಸಿಗಳೂ ನಾಣ್ಯ ಮಾರಿ ಜಾಗ ಖಾಲಿ ಮಾಡಿದರು. ಡಿಫಿಕಲ್ಟಿ ಜಾರಿ ಜಾರಿ ಪಾತಾಳ ಸೇರಿತು. ಇಡೀ ಪ್ರಪಂಚದಲ್ಲಿ ಊಹಿಸುವವನು ನಾನೊಬ್ಬನೇ. ಎಂಥ ತಪ್ಪು ಊಹೆ ಮಾಡಿದರೂ ಕೊನೆಗೆ ನಾನೇ ಮೊದಲು!

“ಸುಮಾ! ಹುಟ್ಟೋ ನಾಣ್ಯ ಎಲ್ಲ ನಮ್ದೇ!”

“ಒಳ್ಳೇದಾಯ್ತು. ಮಾರಿ.”

ಮಾರಲು ಹೋದೆ. ಮಾರುಕಟ್ಟೆಯವರು ಮುಳ್ಳುಹಂದಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿದ್ದರು. ಕೊಳ್ಳಲು ಯಾರೂ ಇಲ್ಲದ ಸರಕನ್ನು ಅವರಾದರೂ ಯಾಕೆ ಇಟ್ಟುಕೊಂಡಾರು? ಗಾಬರಿಯಿಂದ ಗುಂಪಿಗೆ ಹೋಗಿ, “ನಾನು ಹೇಳಿದ್ದು ಸುಳ್ಳು, ದಯವಿಟ್ಟು ಎಲ್ಲರೂ ವಾಪಸ್ ಬನ್ನಿ” ಎಂದು ಬರೆದೆ. ಓದಿದವರು ಒಬ್ಬರು ಎಂದು ತೋರಿಸಿತು. ಅದು ನಾನೇ.

ಮುಂದಿನ ಭಾನುವಾರ ಮನೆಯ ಮುಂದೆ ಜೀಪು ನಿಂತಿತು. ರಾಜಣ್ಣ ಸ್ವೀಟಿನ ಡಬ್ಬಿ ಹಿಡಿದು ಇಳಿದರು. ಬಂದವರೇ ನನ್ನನ್ನು ಅಪ್ಪಿಕೊಂಡರು.

“ನೀವು ಬರ್ದಿದ್ದು ಓದಿದ ಕೂಡ್ಲೆ ಮೊಟ್ಟಮೊದ್ಲು ಮಾರಿದ್ದು ನಾನೇ. ಒಳ್ಳೇ ರೇಟಿಗೆ ಹೋಯ್ತು! ಒಡಹುಟ್ಟಿದವ್ರೂ ಹೀಗೆ ಎಚ್ಚರಿಸಲ್ಲ ಮಾರಾಯ್ರೆ. ನೀವೂ ಮಾರಿದ್ರಲ್ಲ, ಅದೇ ಸಮಾಧಾನ.”

“ಹೌದೌದು” ಎಂದೆ. ಸುಮಾ ನನ್ನ ಮುಖ ನೋಡದೆ ಕಾಫಿ ತರಲು ಎದ್ದಳು.

ಅಷ್ಟರಲ್ಲಿ ಒಳಕೋಣೆಯಿಂದ ‘ಕಿಚ್’ ಎಂದು ಶಬ್ದವಾಯಿತು. ಇನ್ನೊಂದು ನಾಣ್ಯ ಹುಟ್ಟಿತ್ತು.

“ಎಂಥದದು?” ರಾಜಣ್ಣ ಕಿವಿ ನಿಮಿರಿಸಿದರು.

“ಇಲಿ” ಎಂದೆ.

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ನಮ್ಮ ಗೋಡೌನಲ್ಲಿ ಒಳ್ಳೇ ಬೋನು ಉಂಟು, ನಾಳೆ ಬಸ್ಸಿಗೆ ಹಾಕ್ತೀನಿ. ನಿಮ್ಮ ಉಪಕಾರಕ್ಕೆ ನಾನು ಇಷ್ಟಾದ್ರೂ ಮಾಡ್ಬೇಡ್ವಾ!”

ಹೇಳಿದಂತೆ ಬೋನು ಬಂತು. ನಿಜಕ್ಕೂ ಒಳ್ಳೆಯ ಬೋನು. ಈವರೆಗೆ ಅದರಲ್ಲಿ ಸಿಕ್ಕಿಬಿದ್ದಿರುವುದು ನನ್ನ ಹೆಬ್ಬೆರಳು ಮಾತ್ರ.