ಹಲ್ಲಿನ ಡಾಕ್ಟರ ಕೋಣೆಯಲ್ಲಿ ಅಪ್ಪನ ಜಾಗ

ಯಾರಾದರೂ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ಒಬ್ಬ ನಿಂತು ಮಾತಾಡುತ್ತಿದ್ದರೆ ಆ ಕೆಲಸ ಹಗುರವಾಗುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಪಂಕ್ಚರ್ ಹಾಕುವವನ ಪಕ್ಕ ಕುಕ್ಕರಗಾಲಲ್ಲಿ ಕೂತು ಟ್ಯೂಬಿನ ಯೋಗಕ್ಷೇಮ ವಿಚಾರಿಸುತ್ತೇನೆ. ಕಟಿಂಗ್ ಶಾಪಿನಲ್ಲಿ ನನ್ನ ಸರದಿ ಬರುವವರೆಗೆ ಬೇರೆಯವರ ತಲೆಗಳಿಗೆ ಸಲಹೆ ಕೊಡುತ್ತಿರುತ್ತೇನೆ. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನಾದ್ದರಿಂದ ಮಾತು ನನಗೆ ಹೊಟ್ಟೆಪಾಡು ಕೂಡ. ಹೋಗಲಿ, ನನ್ನೊಬ್ಬನದೇ ಅಲ್ಲ, ನಮ್ಮ ಸೀಮೆಯ ಪದ್ಧತಿಯೇ ಹಾಗೆ. ಕೊಂಡ್ಲಹಳ್ಳಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಆಸ್ಪತ್ರೆಗೆ ಒಂದು ಟೆಂಪೋ ಜನ ಇಳಿಯುತ್ತಾರೆ. ಎಲ್ಲರೂ ಒಳಗೆ ನುಗ್ಗಿ, ಎಲ್ಲರೂ ಒಟ್ಟಿಗೆ ಕಾಯಿಲೆ ವಿವರಿಸಿ, ಕೊನೆಗೆ ಡಾಕ್ಟರು "ಇದ್ರಲ್ಲಿ ಪೇಷಂಟ್ ಯಾರು?" ಎಂದು ಕೇಳಿದಾಗಲೇ ರೋಗಿಗೆ ತಾನು ರೋಗಿ ಎಂಬುದು ನೆನಪಾಗಬೇಕು. ಇಂಥ ಊರುಗಳ ನಡುವೆ ಹುಟ್ಟಿ ಬೆಳೆದವನಿಗೆ, ಮಗಳನ್ನು ಹಲ್ಲಿನ ಕುರ್ಚಿಯ ಮೇಲೆ ಕೂರಿಸಿ ನೀನು ಆಚೆ ಹೋಗು ಅಂದರೆ ಹೇಗಾಗಬೇಡ?

ಮಗಳು ಸಿರಿ, ಎರಡನೇ ಕ್ಲಾಸು. ಅವಳ ಕೆಳಗಿನ ದವಡೆಯ ಒಂದು ಹಲ್ಲು ಹುಳುಕಾಗಿ ಕೂತಿತ್ತು. ಬಿದ್ದುಹೋಗುವ ಹಾಲುಹಲ್ಲು ತಾನೇ ಎಂದು ನಾನು ತಾತ್ಸಾರ ಮಾಡಿದ್ದೆ. ಅದು ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳತೊಡಗಿತು. ಶೇಂಗಾ ಎಣ್ಣೆಯ ವಾಸನೆಯಲ್ಲೇ ಬೆಳಗಾಗುವ ಚಳ್ಳಕೆರೆಯಲ್ಲಿ ಹುಟ್ಟಿದ ಹುಡುಗಿ, ಹುರಿದ ಶೇಂಗಾ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಊಟವೆಲ್ಲ ಬಲಗಡೆಯಿಂದಲೇ. ಹೋಂವರ್ಕ್ ಮಾಡುವುದೂ ಎಡಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆವು. ಸಣ್ಣ ವಯಸ್ಸಿನ ಹೆಣ್ಣುಮಗಳು, ಮೆಲುದನಿ. ನೋಡಿದವರೇ, "ಹುಳುಕು ತೆಗೆದು ತುಂಬಿಬಿಡೋಣ, ಏನೂ ತೊಂದ್ರೆ ಇಲ್ಲ" ಎಂದರು. ಸಿರಿಯೂ ಧೈರ್ಯವಾಗಿಯೇ ಕುರ್ಚಿ ಹತ್ತಿದಳು. ಎಲ್ಲ ಸರಿಯಾಗಿತ್ತು, ನಾನು ಬಾಯಿ ತೆರೆಯುವವರೆಗೆ.

ಮಗುವಿಗೆ ಧೈರ್ಯ ತುಂಬುವುದು ತಂದೆಯಾದವನ ಕರ್ತವ್ಯವಲ್ಲವೇ? "ಹೆದರ್ಕೋಬೇಡ ಮಗಳೇ, ಸೂಜಿ ಏನೂ ದೊಡ್ಡದಿಲ್ಲ" ಅಂದೆ. ಸೂಜಿ ಎಂಬ ಪದಾರ್ಥವೊಂದು ಆ ಕೋಣೆಯಲ್ಲಿ ಇದೆ ಎಂದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣು ಅಗಲವಾದವು. ತಪ್ಪಾಯಿತೆಂದು ಸರಿಪಡಿಸಲು ಹೋಗಿ, "ಆ ಮಿಷನ್ನು ಸದ್ದು ಮಾಡ್ತೈತೆ ಅಷ್ಟೇ, ಕೊರೆಯೋದು ಹಲ್ಲು ಮಾತ್ರ, ನಾಲಿಗೆಗೆ ತಗಲಲ್ಲ" ಎಂದೆ. ಮುಗಿಯಿತು ನೋಡಿ. ಅವಳು ಬಾಯಿ ಮುಚ್ಚಿದ ರೀತಿ ಹೇಗಿತ್ತೆಂದರೆ, ಡಾಕ್ಟರಮ್ಮ, ನಾನು, ನನ್ನ ಹೆಂಡತಿ ರೂಪಾ ಮೂವರೂ ಸೇರಿ ಚಾಕಲೇಟಿನಿಂದ ಹಿಡಿದು ಸೈಕಲ್ಲಿನವರೆಗೆ ಆಸೆ ತೋರಿಸಿದರೂ ಅದು ತೆರೆಯಲಿಲ್ಲ. ಎರಡನೇ ಸಲ ಹೋದಾಗ ನಾನು ಬಾಯಿ ಬಿಡುವುದಿಲ್ಲವೆಂದು ರೂಪಾಳಿಗೆ ಆಣೆ ಮಾಡಿದ್ದೆ. ಬಾಯಿ ಬಿಡಲಿಲ್ಲ, ನಿಜ. ಆದರೆ ಡಾಕ್ಟರಮ್ಮ ಒಂದೊಂದು ಸಲಕರಣೆ ಎತ್ತಿಕೊಂಡಾಗಲೂ ನನ್ನ ಮುಖ ತನ್ನಷ್ಟಕ್ಕೆ ತಾನೇ ಕಿವಿಚಿಕೊಳ್ಳುತ್ತಿತ್ತಂತೆ. ಸಿರಿ ಸಲಕರಣೆಗಳನ್ನು ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ, ಮತ್ತೆ ಬಾಯಿಗೆ ಬೀಗ ಹಾಕಿದಳು.

ಆವತ್ತು ಡಾಕ್ಟರಮ್ಮ ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು ಹೇಳಿದರು: "ಸರ್, ಇನ್ನೊಂದು ಸಲ ನೋಡ್ತೀನಿ. ಆವಾಗ್ಲೂ ಬಾಯಿ ತೆರೀಲಿಲ್ಲ ಅಂದ್ರೆ ದಾವಣಗೆರೆಗೆ ಕರ್ಕೊಂಡು ಹೋಗಿ, ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿಸ್ಬೇಕಾಗುತ್ತೆ. ಹಾಗೇ ಬಿಟ್ರೆ ಕೀವು ಆಗುತ್ತೆ. ಒಂದು ಮಾತು, ಮುಂದಿನ ಸಲ ನೀವು ಹೊರಗಿರೋದು ಒಳ್ಳೇದು." ಪ್ರಜ್ಞೆ ತಪ್ಪಿಸುವುದು ಎಂದ ಕೂಡಲೇ ನನ್ನ ಪ್ರಜ್ಞೆಯೇ ಅರ್ಧ ಹೋಯಿತು. ಇಷ್ಟು ಚಿಕ್ಕ ಹಲ್ಲಿಗೆ ಅಷ್ಟು ದೊಡ್ಡ ನಿದ್ದೆಯೇ! ಮನೆಗೆ ಬಂದ ಮೇಲೆ ನಮ್ಮಲ್ಲಿ ಭಾರೀ ವಾದ ಶುರುವಾಯಿತು. ಹೆತ್ತವರು ಒಳಗಿರಬೇಕೋ ಹೊರಗಿರಬೇಕೋ? ಹೊರಗೆ ಎಂದಳು ರೂಪಾ. ಒಳಗೇ ಎಂದೆ ನಾನು. ಮಗು ಅಂಥ ಹೊತ್ತಿನಲ್ಲಿ ತಿರುಗಿ ನೋಡಿದರೆ ಅಪ್ಪನ ಮುಖ ಕಾಣಬೇಡವೇ? ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಶಿಲಾಶಾಸನ ತೋರಿಸಲು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುವವನು ನಾನು, ನನ್ನ ಬತ್ತಳಿಕೆಯಲ್ಲಿ ಆಧಾರಗಳಿಗೇನು ಕಡಿಮೆಯೇ! "ತಂದೆತಾಯಿ ಮಾತು ಕೇಳ್ಬೇಕು ಅಂತ ಚಕ್ರವರ್ತಿನೇ ಬಂಡೆ ಮೇಲೆ ಕೆತ್ತಿಸಿದಾನೆ, ಗೊತ್ತೇನು? ನಾನು ಪಕ್ಕದಲ್ಲಿ ಇರ್ದೇ ಇದ್ರೆ ಅವಳು ಕೇಳೋದು ಯಾರ ಮಾತು?" ಎಂದೆ. ರೂಪಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಕೇಳೋರಿಗೆ ಬರೆಸಿದಾನೆ ರೀ. ನಿಮ್ಮಂಥೋರಿಗೆ ಸುಮ್ನಿರ್ರಿ ಅಂತ ಬರೆಸೋಕೆ ಬಂಡೆ ಸಾಕಾಗಿರಲ್ಲ" ಎಂದಳು. ಸಮಾಜ ಮೇಷ್ಟರ ಹೆಂಡತಿಯಾದರೆ ಹೀಗೆ, ನಮ್ಮ ಅಸ್ತ್ರ ನಮಗೇ ತಿರುಗುತ್ತದೆ.

ನಡುವೆ ಒಂದು ಭಾನುವಾರ ಸಿರಿಯನ್ನು ಕರೆದುಕೊಂಡು ಮೊಳಕಾಲ್ಮೂರಿಗೆ, ನಮ್ಮ ಮನೆಗೆ ಹೋದೆ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನನ್ನ ಅಪ್ಪ ಇವತ್ತಿಗೂ ಮಗ್ಗದ ಗುಂಡಿಗೆ ಇಳಿದು, ಕಾಲಿನಿಂದ ಹಲಗೆ ಒತ್ತುತ್ತಾ ನೇಯುತ್ತಾರೆ. ಮನೆಯೊಳಗಿನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಮೊಮ್ಮಗಳಿಗೆ ಎರಡೂ ಬರುತ್ತದೆ, ಬೇಕಾದಾಗ ಬೇಕಾದ್ದನ್ನು ಎತ್ತಿಕೊಳ್ಳುತ್ತಾಳೆ. ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ನೇಯುವಾಗ ಎಳೆ ಕಡಿದರೆ, ಕೂದಲಿಗಿಂತ ತೆಳ್ಳಗಿನ ಆ ಎಳೆಯನ್ನು ಹುಡುಕಿ ಗಂಟು ಹಾಕುವವರೆಗೆ ಯಾರೂ ಮಗ್ಗದ ಹತ್ತಿರ ಸುಳಿಯಬಾರದು, ಉಸಿರೆತ್ತಬಾರದು. ಟೀ ತಂದ ನಮ್ಮವ್ವ ಕೂಡ ಹೊಸ್ತಿಲಾಚೆ ಲೋಟ ಹಿಡಿದುಕೊಂಡು ನಿಂತಿರುತ್ತಾಳೆ. ಗಂಟು ಬಿದ್ದ ಮೇಲೆ ಅಪ್ಪ ತಲೆ ತಿರುಗಿಸದೆ ಒಂದು ಕೈ ಮೇಲಕ್ಕೆತ್ತುತ್ತಾರೆ. ಆಗ ಮನೆಗೆ ಮನೆಯೇ ಉಸಿರು ಬಿಡುತ್ತದೆ, ಟೀ ಒಳಗೆ ಹೋಗುತ್ತದೆ. ಈ ಪದ್ಧತಿಯನ್ನು ಮುರಿದವನು ಆ ಮನೆಯಲ್ಲಿ ಹುಟ್ಟಿದ ನಾನೊಬ್ಬನೇ. ಚಿಕ್ಕಂದಿನಿಂದಲೂ ಎಳೆ ಕಡಿದಾಗಲೇ ನನಗೆ ಅಪ್ಪನನ್ನು ಏನಾದರೂ ಕೇಳಬೇಕೆನಿಸುತ್ತಿತ್ತು. ಆವತ್ತೂ ಹಾಗೇ ಆಯಿತು. ಅಪ್ಪ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಸಣ್ಣ ಕೊಂಡಿ ಹಿಡಿದು ಬಗ್ಗಿ ಎಳೆ ಹುಡುಕುತ್ತಿದ್ದರು, ನಾನು ಪಕ್ಕಕ್ಕೆ ಹೋಗಿ "ಅಪ್ಪಾ, ಸಿರಿ ಹಲ್ಲಿನ ವಿಷಯ..." ಎಂದು ಶುರು ಮಾಡಿದೆ. ಅಪ್ಪ ತಲೆಯೆತ್ತದೆ, "ಮಾಟ್ಲಾಡಕು ರಾ" ಎಂದರು. ಮಾತಾಡಬೇಡ ಕಣೋ, ಅಂತ. ಹೊಸ್ತಿಲ ಮೇಲೆ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಸಿರಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಿಸಕ್ಕನೆ ನಕ್ಕಳು. ನಲವತ್ತು ದಾಟಿದ ಮೇಷ್ಟರು ಮಗಳೆದುರಿಗೇ ಬೈಸಿಕೊಂಡರೆ ಯಾರಿಗೆ ತಾನೇ ನಗು ಬರುವುದಿಲ್ಲ!

ಮೂರನೇ ಸಲ ಕ್ಲಿನಿಕ್ಕಿಗೆ ಹೊರಟಾಗ ನಾನು ಸೈನ್ಯ ಸಮೇತ ಯುದ್ಧಕ್ಕೆ ಹೊರಟವನ ಹಾಗೆ ಇದ್ದೆ. ಒಳಗೆ ನಿಲ್ಲುವ ಹಕ್ಕಿಗಾಗಿ ಡಾಕ್ಟರಮ್ಮನ ಮುಂದೆ ಮಂಡಿಸಲು ವಾದಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ರೂಪಾ ಬಾಗಿಲ ಆಚೆಯ ಬೆಂಚಿನ ಮೇಲೆ ಕೂತು, "ಹೋಗ್ರಿ, ಕೆಡಿಸ್ಕೊಂಡು ಬನ್ನಿ" ಎಂದಳು. ನಾನು ಸಿರಿಯ ಕೈ ಹಿಡಿದು ಒಳಗೆ ನಡೆದೆ. ಡಾಕ್ಟರಮ್ಮ ನನ್ನನ್ನು ನೋಡಿ ಏನೋ ಹೇಳಲು ಹೊರಟವರು, ಹೇಳಿ ಪ್ರಯೋಜನವಿಲ್ಲವೆಂದೋ ಏನೋ ಕೈಗವಸು ಹಾಕಿಕೊಂಡರು. ಸಿರಿ ಕುರ್ಚಿಯ ಮೇಲೆ ಒರಗಿದಳು. ಡಾಕ್ಟರಮ್ಮ ದೀಪವನ್ನು ಎಳೆದುಕೊಂಡು, ಕೆಳಗಿದ್ದ ಹಲಗೆಯನ್ನು ಕಾಲಿನಿಂದ ಒತ್ತಿದರು. ಕುರ್ಚಿ ಮೆಲ್ಲಗೆ ಹಿಂದಕ್ಕೆ ವಾಲಿತು. ಸಿರಿ ಬಗ್ಗಿ ಆ ಕಾಲನ್ನೇ ನೋಡಿದಳು. ಆಮೇಲೆ ಡಾಕ್ಟರಮ್ಮನ ಬಗ್ಗಿದ ತಲೆ, ಬಿದ್ದ ಬೆಳಕು, ಬೆರಳಲ್ಲಿದ್ದ ಸಣ್ಣ ಕೊಂಡಿ ಎಲ್ಲವನ್ನೂ ಒಂದು ಸಲ ನೋಡಿದಳು. ಅವಳ ಮುಖದಲ್ಲಿ ಗುರುತು ಸಿಕ್ಕಿದ ಹಾಗೆ ಏನೋ ಬೆಳಗಿತು. ಇದೇ ತಕ್ಕ ಸಮಯವೆಂದು ನಾನು ಧೈರ್ಯ ಹೇಳಲು ಬಾಯಿ ತೆರೆದೆ.

"ಮಾಟ್ಲಾಡಕು, ಅಪ್ಪ" ಎಂದಳು ಸಿರಿ.

ನಾನು ತೆರೆದ ಬಾಯಿ ತೆರೆದ ಹಾಗೇ ನಿಂತೆ. ಅವಳು ಮುಂದುವರಿಸಿದಳು: "ತಾತ ಎಳೆ ಕಟ್ಟೋವಾಗ ಯಾರೂ ಹತ್ರ ಬರಲ್ಲ ಅಲ್ವಾ? ಡಾಕ್ಟ್ರು ಅದನ್ನೇ ಮಾಡ್ತಾ ಅವ್ರೆ. ನೀನು ಬಾಗ್ಲಾಚೆ ಅಜ್ಜಿ ಥರ ನಿಂತ್ಕೋ. ಮುಗಿದ್ಮೇಲೆ ನಾನು ಕೈ ಎತ್ತೀನಿ." ಸಾಲಾಗಿ ಜೋಡಿಸಿ ತಂದಿದ್ದ ವಾದಗಳನ್ನೆಲ್ಲ ಮಡಚಿ ಜೇಬಿಗೆ ಹಾಕಿಕೊಂಡೆ. ಡಾಕ್ಟರಮ್ಮನ ಮಾಸ್ಕಿನ ಮೇಲಿನ ಕಣ್ಣು ನಗುತ್ತಿದ್ದವು. ನಾನು ಹಿಂದಕ್ಕೆ ಹೆಜ್ಜೆಯಿಡುತ್ತಾ ಹೊರಗೆ ಬಂದೆ. ಬಾಗಿಲಿಗೆ ಗಾಜಿತ್ತು, ದೇವರು ದೊಡ್ಡವನು.

ಹೊರಗೆ ಬೆಂಚಿನ ಮೇಲೆ ರೂಪಾಳ ಪಕ್ಕದಲ್ಲಿ ನನ್ನಿವಾಳದ ಕಡೆಯ ಕುರಿ ಸಾಕುವ ಯಜಮಾನರೊಬ್ಬರು ಹೆಗಲ ಮೇಲೆ ಕಂಬಳಿ ಹೊದ್ದು ಸರದಿಗೆ ಕಾಯುತ್ತಿದ್ದರು. ಒಳಗೆ ಮಿಷನ್ನು ಕುಂಯ್ ಅನ್ನಲು ಶುರುಮಾಡಿದಾಗ ನನ್ನ ಕೈ ತನ್ನಷ್ಟಕ್ಕೆ ತಾನೇ ಬಾಗಿಲ ಹಿಡಿಗೆ ಹೋಯಿತು. ಯಜಮಾನರು ನನ್ನ ಅಂಗಿ ಹಿಡಿದು ಎಳೆದರು. "ಲೇ ತಮ್ಮಾ, ನಿನ್ಗೇನಲ್ಲಿ ಕೆಲ್ಸ? ಕೂಸು ಒಪ್ಪಿ ಕುಂತೈತೆ, ಸುಮ್ಕಿರು" ಎಂದರು. ಗಾಜಿಗೆ ಮೂಗು ಒತ್ತಿಕೊಂಡು ನಿಂತೆ. ಒಳಗೆ ಏನು ಕಾಣುತ್ತಿತ್ತು ಅಂತೀರಿ! ಡಾಕ್ಟರಮ್ಮನ ಬೆನ್ನು, ಒಂದು ಜೊತೆ ಪುಟ್ಟ ಚಪ್ಪಲಿ. ಚಪ್ಪಲಿ ಅಲುಗಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅಲುಗದಿದ್ದರೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವಳು ಬಾಯಿ ತೆರೆದಿದ್ದಾಳೋ ಮುಚ್ಚಿದ್ದಾಳೋ? ದಾವಣಗೆರೆಯೋ ಚಳ್ಳಕೆರೆಯೋ? ನಮ್ಮವ್ವ ಇಷ್ಟು ವರ್ಷ ಹೊಸ್ತಿಲಾಚೆ ಲೋಟ ಹಿಡಿದು ನಿಂತದ್ದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಆಗ ಗೊತ್ತಾಯಿತು. "ಕುತ್ಕೊಳ್ಳ್ರೀ" ಎಂದಳು ರೂಪಾ. ಹೊರಗಿರಬೇಕೆಂದು ಅಷ್ಟೆಲ್ಲ ವಾದಿಸಿದವಳು ಯಾವಾಗಲೋ ಎದ್ದು ಬಂದು ನನ್ನ ಪಕ್ಕದಲ್ಲಿ ಗಾಜಿಗೆ ಮೂಗು ಒತ್ತಿದ್ದಳು.

ಮಿಷನ್ನಿನ ಸದ್ದು ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಡಾಕ್ಟರಮ್ಮನ ಬೆನ್ನಿನಾಚೆಯಿಂದ ಒಂದು ಪುಟ್ಟ ಕೈ ಮೇಲೆದ್ದಿತು. ಅದರ ಹಿಂದೆಯೇ ಇನ್ನೊಂದು. ತಾತ ಒಂದು ಕೈ ಎತ್ತಿದರೆ ನನ್ನ ಮಗಳು ಎರಡೂ ಕೈ ಎತ್ತಿದ್ದಳು! ನಾನು ಬಾಗಿಲು ತಳ್ಳಿದೆನೋ ಬಾಗಿಲೇ ದಾರಿ ಬಿಟ್ಟಿತೋ ತಿಳಿಯದು. ಸಿರಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಒಂದು ಕೆನ್ನೆ ಮರಗಟ್ಟಿದ್ದರಿಂದ ಇನ್ನೊಂದು ಕೆನ್ನೆಯಲ್ಲೇ ಪೂರ್ತಿ ನಗುತ್ತಿದ್ದಳು. "ಒಂದು ಸಲಾನೂ ಬಾಯಿ ಮುಚ್ಚಲಿಲ್ಲ" ಎಂದರು ಡಾಕ್ಟರಮ್ಮ. ರೂಪಾ ಕಣ್ಣೊರೆಸಿಕೊಂಡಳು. ಯಜಮಾನರು ಬೆಂಚಿನಿಂದಲೇ, "ಭಲೇ ನನ್ನವ್ವಾ! ಗೆದ್ಬಿಟ್ಲು ನೋಡು" ಎಂದು ಕೂಗಿದರು. ನನಗಂತೂ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೆಹರೂ ಸರ್ಕಲ್ಲಿನವರೆಗೆ ಕುಣಿಯುತ್ತಾ ಹೋಗಬೇಕೆನಿಸಿತು. ಮೊಳಕಾಲ್ಮೂರಿಗೆ ಫೋನು ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಆ ಕಡೆ ಮಗ್ಗದ ಸದ್ದು ನಿಂತಿತು. ಆಮೇಲೆ ಅಪ್ಪ, "ನಮ್ಮ ಮನೆ ಹುಡುಗಿ" ಎಂದರು. ಅವರು ಮಗ್ಗ ನಿಲ್ಲಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಇನ್ನು ವಾದದ ತೀರ್ಪು. ನೀವು ಕಡೆಗೂ ಹೊರಗೇ ನಿಂತಿರಿ, ಆದ್ದರಿಂದ ಗೆದ್ದವಳು ನಾನು ಎಂದು ರೂಪಾ. ಗಾಜಿಗೆ ಮೂಗು ಒತ್ತಿ ನಿಂತವನು ಮುಕ್ಕಾಲು ಪಾಲು ಒಳಗಿದ್ದ ಹಾಗೇ, ಜೊತೆಗೆ ನೀನೂ ಬಂದು ನಿಂತೆ, ಆದ್ದರಿಂದ ಗೆದ್ದವನು ನಾನು ಎಂದು ನಾನು. ಡಾಕ್ಟರಮ್ಮನನ್ನೇ ಕೇಳಿಬಿಡೋಣ ಎಂದು ಗೆಲುವಿನ ಹುಮ್ಮಸ್ಸಿನಲ್ಲಿ ಅವರ ಮುಂದೆ ಹೋಗಿ ನಿಂತೆ. ಅವರು ನನ್ನ ಮುಖವನ್ನು ಒಂದು ಥರ ನೋಡಿದರು. "ಸರ್, ನೀವು ಗಾಜಿನಾಚೆ ಅಷ್ಟು ಹೊತ್ತೂ ಬಾಯಿ ತೆರ್ಕೊಂಡೇ ನಿಂತಿದ್ರಿ. ತಿರುಗಿದಾಗೆಲ್ಲ ನೋಡ್ದೆ. ಬಲಗಡೆ ಕೆಳಗೆ ನಿಮ್ಗೂ ಒಂದು ಹುಳುಕು ಐತಲ್ಲ, ಮಗಳದ್ದಕ್ಕಿಂತ ದೊಡ್ಡದು. ಬನ್ನಿ, ಹೇಗೂ ಬಂದಿದೀರಿ" ಎಂದರು.

ಶಾಲೆಗೆ ಹೋಗಬೇಕು ಎಂದೆ. ಭಾನುವಾರ ರೀ, ಎಂದಳು ರೂಪಾ. ನನಗಿಂತ ಮೊದಲು ಯಜಮಾನರ ಸರದಿ ಎಂದೆ. "ನನ್ಗೇನವಸರ, ಕುರಿ ನೋಡ್ಕಳಾಕೆ ಜನ ಅವ್ರೆ, ನೀನು ಹೋಗಪ್ಪ" ಎಂದು ಅವರು ಇನ್ನಷ್ಟು ನೆಮ್ಮದಿಯಾಗಿ ಕಂಬಳಿ ಹೊದ್ದರು. ಮಗಳ ಬಿಸಿ ಇನ್ನೂ ಆರದ ಆ ಕುರ್ಚಿಯ ಮೇಲೆ ನಾನು ಒರಗಿದೆ. ದೀಪ ಮುಖದ ಮೇಲೆ ಬಿತ್ತು. ಆಗ ಸಿರಿ ಬಾಗಿಲಾಚೆ ಹೊರಟಳು ನೋಡಿ, ನನಗೆ ಜೀವ ಬಾಯಿಗೆ ಬಂತು. "ಮಗಳೇ, ನೀನು ಇಲ್ಲೇ ಇರು. ಅಪ್ಪ ಅಮ್ಮ ಹೊರಗಿರ್ಬೇಕು ಅಂತ ತಾನೇ ಡಾಕ್ಟ್ರು ಹೇಳಿದ್ದು, ಮಕ್ಕಳು ಹೊರಗಿರ್ಬೇಕು ಅಂತ ಯಾರೂ ಹೇಳಿಲ್ಲ" ಎಂದೆ. ಸಿರಿ ಒಂದು ಕ್ಷಣ ಯೋಚಿಸಿ, ದೊಡ್ಡ ಮನಸ್ಸು ಮಾಡಿ, ಬಂದು ಪಕ್ಕದಲ್ಲಿ ನಿಂತಳು. ಡಾಕ್ಟರಮ್ಮ ಕಾಲಿನಿಂದ ಹಲಗೆ ಒತ್ತಿದರು. ಕುರ್ಚಿ ಇನ್ನೂ ಪೂರ್ತಿ ವಾಲಿರಲಿಲ್ಲ, ನನ್ನ ಎರಡೂ ಕೈ ಮೇಲೆದ್ದಿದ್ದವು.

ಸಿರಿ ಅವನ್ನು ಒಂದೊಂದಾಗಿ ಕೆಳಗಿಳಿಸಿ, ನನ್ನ ಎದೆಯ ಮೇಲೆ ಜೋಡಿಸಿ ಹಿಡಿದುಕೊಂಡಳು. "ಇನ್ನೂ ಶುರುನೇ ಆಗಿಲ್ಲ, ಅಪ್ಪ" ಎಂದಳು, ಹತ್ತಿಯ ನಡುವಿನಿಂದ. "ಮಾಟ್ಲಾಡಕು."