ಎಳನೀರು ಮಾವನ ಪಥ್ಯ

ಮನುಷ್ಯನ ದೇಹದಲ್ಲಿ ಹೆಚ್ಚುಪಾಲು ಇರುವುದು ನೀರು ಎಂದು ತಿಳಿದವರು ಹೇಳುತ್ತಾರೆ. ಈ ಗಹನವಾದ ಸತ್ಯವನ್ನು ನಾನೂ ರಾಮನಗರದ ಹೈಸ್ಕೂಲು ಮಕ್ಕಳಿಗೆ ಇಪ್ಪತ್ತು ವರ್ಷ ಬೋಧಿಸಿದ್ದೇನೆ. ಆದರೆ ನನ್ನ ಸೋದರಮಾವನನ್ನು ಕಂಡ ಯಾರೂ ಇದನ್ನು ಒಪ್ಪಲಾರರು. ಅವರ ದೇಹದಲ್ಲಿ ಹೆಚ್ಚುಪಾಲು ಇದ್ದದ್ದು ಎಳನೀರು!

ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳತೊಡಗಿದಾಗ ಊರವರೆಲ್ಲ ಗೇಟಿನ ಒಳಗೆ ಕೆಲಸ ಹುಡುಕಿದರು. ಮಾವ ಮಾತ್ರ ಗೇಟಿನ ಹೊರಗೆ, ಹುಣಸೆ ಮರದ ಕೆಳಗೆ, ಒಂದು ಮಚ್ಚು ಮತ್ತು ಒಂದು ರಾಶಿ ಎಳನೀರು ಇಟ್ಟುಕೊಂಡು ಕೂತರು. "ಒಳಗೆ ಬೆವರ್ದೋರು ಹೊರಗೆ ಬರ್ಲೇಬೇಕಲ್ಲ" ಎಂಬುದು ಅವರ ಕೈಗಾರಿಕಾ ನೀತಿ. ಅದು ಫಲಿಸಿತು ಕೂಡ.

ಅವರದು ವ್ಯಾಪಾರ ಎಂದರೆ ತಪ್ಪಾದೀತು, ಅದು ಧರ್ಮಪ್ರಚಾರ. ಜ್ವರಕ್ಕೆ ಎಳನೀರು, ಹೊಟ್ಟೆನೋವಿಗೆ ಎಳನೀರು. ಗಂಡ ಹೆಂಡಿರ ಜಗಳಕ್ಕೆ ಎರಡು, ತಲೆಗೊಂದರಂತೆ. ನನ್ನ ಮಗಳು ಗಣಿತದಲ್ಲಿ ಫೇಲಾದಾಗ ಒಂದು ಗೊನೆಯನ್ನೇ ಬಸ್ಸಿಗೆ ಹಾಕಿ ಕಳಿಸಿದ್ದರು! ತಮ್ಮ ಬಿಪಿಯನ್ನೂ ಅಷ್ಟೇ, ಮಾತ್ರೆಗಳನ್ನು ತಿಪ್ಪೆಗೆ ಎಸೆದು ವರ್ಷಗಟ್ಟಲೆ ಎಳನೀರಿನಿಂದಲೇ ವಾಸಿ ಮಾಡಿಕೊಳ್ಳುತ್ತಿದ್ದರು. ಪಾಪ, ವಾಸಿಯಾಗಿರುವ ಸಂಗತಿ ಬಿಪಿಗೆ ಯಾರೂ ತಿಳಿಸಿರಲಿಲ್ಲ. ಅದು ಸದ್ದಿಲ್ಲದೆ ತನ್ನ ಕೆಲಸ ತಾನು ಮಾಡಿತು.

ಕಾಲು ಊದಿಕೊಂಡು ಚಪ್ಪಲಿ ಹಿಡಿಸದೇ ಹೋದಾಗ ನಾನೂ ಅತ್ತೆಯೂ ಸೇರಿ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಎಳೆದೊಯ್ದೆವು. ಡಾಕ್ಟರು ರಿಪೋರ್ಟು ನೋಡಿ, "ಬಿಪಿಯಿಂದ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗ್ಬೇಕು" ಎಂದರು.

"ಎಷ್ಟು ವಾರ ಸಾರ್?"

"ಬೇರೆ ಕಿಡ್ನಿ ಹಾಕೋವರೆಗೆ. ಇಲ್ಲಾಂದ್ರೆ ಜೀವ ಇರೋವರೆಗೆ."

ಮಾವ ಊದಿದ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ದಿನಾ ಒಸಿ ಎಳನೀರು ಕುಡುದ್ರೆ?" ಎಂದರು.

"ಕುಡಿದ್ರೆ ಸಾಯ್ತೀರಿ!"

ಡಾಕ್ಟರು ಬಿಡಿಸಿ ಹೇಳಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬುದು ಧಾರಾಳ. ಆರೋಗ್ಯವಂತರ ಕಿಡ್ನಿ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ಕೆಟ್ಟ ಕಿಡ್ನಿಯವರಲ್ಲಿ ಅದು ರಕ್ತದಲ್ಲೇ ಉಳಿದು, ಒಂದು ಹಂತದಲ್ಲಿ ಹೃದಯವನ್ನೇ ನಿಲ್ಲಿಸಿಬಿಡಬಹುದು. ಬರೀ ನೀರಾದರೂ ಅಷ್ಟೇ, ಅಳತೆ ಮೀರಿದರೆ ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ಏರುತ್ತದೆ. ಆದ್ದರಿಂದ ದಿನಕ್ಕೆ ಇಷ್ಟೇ ಲೋಟ.

ಹೊರಗೆ ಬಂದ ಮೇಲೆ ಮಾವ ಕೇಳಿದರು. "ಈ ಡಾಕ್ಟ್ರು ಯಾವ ಊರೋರ್ಲಾ ಮೇಷ್ಟ್ರೇ?"

"ಯಾಕೆ ಮಾವ?"

"ಪಾಪ, ಅವರೂರಲ್ಲಿ ತೆಂಗಿನ್ಮರ ಇಲ್ಲ ಅನ್ಸುತ್ತೆ."

ಎಡಗೈಯಲ್ಲಿ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಕೂಡಿಸಿದರು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವುದು ಅಲ್ಲಿ. ಮುಟ್ಟಿದರೆ ಒಳಗೆ ರಕ್ತ ಗುರ್ ಎನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಮಾವನಿಗೆ ಇದು ಬಿರುದು ಬಾವಲಿ ಸಿಕ್ಕಷ್ಟು ಹೆಮ್ಮೆ! "ಕೈ ಇಟ್ ನೋಡ್ಲಾ, ಮೋಟ್ರು ಓಡ್ತಾ ಐತೆ" ಎಂದು ಬಸ್ಸಿನ ಕಂಡಕ್ಟರಿಗೂ ತೋರಿಸಿದರು. ಆತ ಟಿಕೆಟ್ ಕೊಡುವುದನ್ನೇ ಮರೆತ.

ಡಯಾಲಿಸಿಸ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಮಾವನ ವ್ಯಾಖ್ಯಾನ ಹೀಗೆ: "ನನ್ ರಕ್ತ ಒಂದ್ ಪೈಪ್‌ನಲ್ಲಿ ಆಚ್ಗೋಯ್ತದೆ. ಮಿಷಿನ್ನು ಕೊಳೆ, ನೀರು ಎಲ್ಲಾ ಸೋಸಿ ಇನ್ನೊಂದ್ ಪೈಪ್‌ನಲ್ಲಿ ವಾಪಸ್ ಕಳಿಸ್ತದೆ. ನಾಕ್ ಗಂಟೆ. ಕಿಡ್ನಿ ಮಾಡೋ ಕೆಲ್ಸ, ಕಿಡ್ನಿ ಮನೇಲಿ ಕುಂತೈತೆ, ಕೂಲಿಗೆ ಮಿಷಿನ್ನು ಬಂದೈತೆ." ಇಷ್ಟು ಸರಳವಾಗಿ ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲ.

ಇಷ್ಟು ತಿಳಿದವರು ಪಥ್ಯವನ್ನೂ ತಿಳಿದುಕೊಳ್ಳಬೇಡವೇ? ಮೂರನೆಯ ಸರದಿಗೆ ಮಾವ ಒಂದು ಗೋಣಿಚೀಲದೊಂದಿಗೆ ಆಸ್ಪತ್ರೆಗೆ ಬಂದರು. ನಾನು ಚೀಟಿ ಮಾಡಿಸಿಕೊಂಡು ವಾರ್ಡಿಗೆ ಬರುವಷ್ಟರಲ್ಲಿ ಎಳನೀರು ಕೆತ್ತಿ, ಸ್ಟ್ರಾ ಸಿಕ್ಕಿಸಿ, ಪಕ್ಕದ ಹಾಸಿಗೆಯವರ ಮುಂದೆ ಹಿಡಿದಿದ್ದರು! ಬೆಂಕಿ ಬಿದ್ದರೂ ಯಾರೂ ಹಾಗೆ ಓಡಲಾರರು, ಸಿಸ್ಟರ್ ಹಾಗೆ ಓಡಿ ಬಂದರು.

"ಯಜಮಾನ್ರೇ! ಇಡೀ ವಾರ್ಡನ್ನೇ ಮುಗಿಸ್ಬೇಕು ಅಂತಿದ್ದೀರಾ?"

"ರೋಗಿ ನೋಡಕ್ ಬರೋವಾಗ ಬರಿಗೈಲಿ ಬರಕ್ಕಾಯ್ತದೇನವ್ವ?"

"ನೀವೇ ರೋಗಿ!"

ಚೀಲ ಸಿಸ್ಟರುಗಳ ಕೋಣೆಗೆ ಹೋಯಿತು. ಮಚ್ಚು ಸೆಕ್ಯುರಿಟಿಯವನ ವಶವಾಯಿತು.

ಅಂದಿನಿಂದ ಮಾವ ಎಳನೀರು ಕುಡಿಯಲಿಲ್ಲ. ದಿನವಿಡೀ ಪರರಿಗೆ ಕೆತ್ತಿಕೊಡುವುದು, ತಾವು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳುವುದು. ಯಾವ ಋಷಿ ಇಂಥ ತಪಸ್ಸು ಮಾಡಿದ್ದಾನೆ, ಹೇಳಿ! ಎರಡು ತಿಂಗಳು ಸಾಂಗವಾಗಿ ನಡೆಯಿತು. ಆಮೇಲೆ ಒಂದು ಭಾನುವಾರ ಬಿರುಬಿಸಿಲಲ್ಲಿ, ಶಿಫ್ಟು ಮುಗಿಸಿ ಬಂದ ಗಿರಾಕಿಯೊಬ್ಬ ಎಲ್ಲರೆದುರಿಗೆ ಬಾಂಬು ಹಾಕಿದ. "ಏನ್ ಯಜಮಾನ್ರೇ, ಈಗೀಗ ನೀವೇ ಕುಡಿಯಲ್ವಂತೆ? ಕಾಯಿಗೆ ಏನಾದ್ರೂ ಔಷಧಿ ಹೊಡ್ದಿದ್ದೀರಾ?"

ಹಾಲು ಮಾರುವವರಿಗೆ ನೀರು ಬೆರೆಸಿದೆಯಾ ಎಂದರೆ ಹೇಗೋ ಹಾಗೆ. ಮಾವನ ಮೀಸೆ ಎದ್ದು ನಿಂತಿತು. ಗಿರಾಕಿಯ ಕೈಯಿಂದಲೇ ಮೂರು ಕಾಯಿ ಆಯಿಸಿ, ಮೂರನ್ನೂ ನಿಂತ ನಿಲುವಿನಲ್ಲೇ ಗಟಗಟ ಕುಡಿದರು. ಅಂಗಡಿಯ ಮಾನ ಉಳಿಯಿತು.

ಮಾರನೆಯ ಬೆಳಿಗ್ಗೆ ಏಳಲು ಹೋದರೆ ಕಾಲು ಏಳಲಿಲ್ಲ. ನಾಡಿ ತಾಳ ತಪ್ಪಿತ್ತು. ಎಳನೀರು ತರುವ ಟೆಂಪೋದಲ್ಲೇ ಅವರನ್ನು ಮಲಗಿಸಿಕೊಂಡು ಹೋದೆವು. ಅತ್ತೆ ದಾರಿಯುದ್ದಕ್ಕೂ ಅವರ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಇಂಜೆಕ್ಷನ್ನುಗಳಾದವು, ತುರ್ತಾಗಿ ಡಯಾಲಿಸಿಸ್ ಆಯಿತು. ಮಧ್ಯಾಹ್ನದ ಹೊತ್ತಿಗೆ ಮಾವ ಕಣ್ಣು ಬಿಟ್ಟರು.

"ಹೇಳಿದ್ರೂ ಯಾಕ್ರೀ ಕುಡಿದ್ರಿ?" ಡಾಕ್ಟರು ರೇಗಿದರು.

"ಮರ್ವಾದಿ ಪ್ರಶ್ನೆ ಸಾರ್."

ಈಗ ಮರ್ಯಾದೆಯ ಪ್ರಶ್ನೆ ಬೇರೆ ದಾರಿ ಹಿಡಿದಿದೆ. ಯಾರಾದರೂ "ನೀವ್ಯಾಕೆ ಕುಡಿಯಲ್ಲ?" ಎಂದರೆ ಎಡಗೈ ಮುಂದೆ ಚಾಚಿ ಮೋಟರು ತೋರಿಸುತ್ತಾರೆ. ಆಮೇಲೆ ಕಾಯಿಗೆ ಮಚ್ಚು ಹಾಕುವ ಮೊದಲು ವಿಚಾರಣೆ: "ಬಿಪಿ ನೋಡಿಸ್ಕಂಡಿದ್ದೀಯೇನ್ಲಾ? ಮಾತ್ರೆ ನುಂಗ್ತಿದ್ದೀಯಾ? ತಿಪ್ಪೆಗೆ ಎಸೀತಿದ್ದೀಯಾ?" ಒಂದು ಎಳನೀರಿಗೆ ಇಷ್ಟು ಉತ್ತರ ಕೊಡಬೇಕಾದ ಅಂಗಡಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆದರೂ ಗಿರಾಕಿಗಳು ಬರುತ್ತಾರೆ. ಇಬ್ಬರು ಬಿಪಿ ನೋಡಿಸಿಕೊಂಡು ಬಂದು ಚೀಟಿಯನ್ನೂ ತೋರಿಸಿದರಂತೆ.

ಕಳೆದ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅತ್ತೆ ಮುದ್ದೆ ಊಟ ಮುಗಿಸಿದರು, ಒಂದು ಗುಟುಕು ನೀರು ಕುಡಿಯಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಮಾವ ನನ್ನ ಕಿವಿಯ ಹತ್ತಿರ ಬಂದರು.

"ಕಳ್ಳಿ ಕಣ್ಲಾ ಇವ್ಳು. ನಂಗೆ ಆಸೆ ಆಗ್ಬಾರ್ದು ಅಂತ ಅಲ್ಲೋಗಿ ಕುಡೀತಾಳೆ. ನಂಗೊತ್ತಿಲ್ಲ ಅನ್ಕಂಡವ್ಳೆ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಮಾವ ಮೂಲೆಯ ರಾಶಿಯಿಂದ ಒಂದು ಕಾಯಿ ಆರಿಸಿ, ಕೆತ್ತಿ, ಅವರ ಮುಂದೆ ಹಿಡಿದರು.

"ನಂಗ್ ಬ್ಯಾಡ. ಬಾಯಾರಿಲ್ಲ."

"ಸುಳ್ ಹೇಳ್ಬ್ಯಾಡ. ಇಲ್ಲೇ ಕುಂತ್ಕಂಡು ಕುಡಿ. ನೀನ್ ಕುಡಿಯೋದ್ ನೋಡ್ತಿದ್ರೆ ನನ್ ಗಂಟ್ಲು ತಣ್ಣಗಾಯ್ತದೆ."

ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಕೂತು, ಕುಡಿದರು. ಮಾವ ಕೊನೆಯ ಗುಟುಕಿನವರೆಗೂ ನೋಡುತ್ತಿದ್ದರು.

ಡಯಾಲಿಸಿಸ್ ಶುರುವಾಗಿ ಈಗ ಐದು ವರ್ಷವಾಗಿದೆ. ಮಾವ ವಾರದಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗುತ್ತಾರೆ, ಉಳಿದ ನಾಲ್ಕು ದಿನ ಅಂಗಡಿ ತೆರೆಯುತ್ತಾರೆ.