ಸೋರಿಕೆ ಹಿಡಿಯುವ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಪೈಪುಗಳ ಮುಖ ನೆನಪಿರುತ್ತದೆ! ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಲೋಕದ ಸಕಲ ಕಷ್ಟಗಳೂ ಎಲ್ಲೋ ಒಂದು ಸೋರಿಕೆಯಿಂದ ಶುರುವಾಗುತ್ತವೆ ಎಂಬುದು ಅವರ ಸಿದ್ಧಾಂತ. ಆಯನೂರಿನ ಮದುವೆಯೊಂದರಲ್ಲಿ ಅಕ್ಷತೆ ಹಾಕುವುದು ಬಿಟ್ಟು ಅಡುಗೆಯವರ ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚುತ್ತಾ ಕೂತಿದ್ದರು. ಅತ್ತೆಗೆ ಗ್ಲೂಕೋಸ್ ಹಾಕಿದ್ದಾಗ, ಹೆಂಡತಿ ಹೇಗಿದ್ದಾಳೆಂದು ಕೇಳುವ ಮೊದಲು ಪೈಪಿನ ಸಂದು ತಡವಿ, ಇಲ್ಲಿ ಸೋರುತ್ತಿದೆ ಎಂದು ನರ್ಸಮ್ಮನಿಗೆ ತೋರಿಸಿದರು. ಏನು ಹೇಳಲಿ, ನಿಜವಾಗಿಯೂ ಸೋರುತ್ತಿತ್ತು!

ಇಂಥವರ ಬಾಗಿಲಿಗೆ ನಾನು ಕಾರು ತಂದು ನಿಲ್ಲಿಸಬೇಕಾಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗ. ಅಮ್ಮ ಶಿವಮೊಗ್ಗದ ಹೋಟೆಲಿನಲ್ಲಿ ಪಾತ್ರೆ ತೊಳೆದು ಓದಿಸಿದ ಬಿ.ಕಾಂ. ಅದು. ಆ ಡಿಗ್ರಿಯ ಸಂಬಳದಲ್ಲಿ ಕೊಂಡ ಕಾರಿನಲ್ಲಿ ಅಮ್ಮನೇ ಕೂರುತ್ತಿರಲಿಲ್ಲ. ಒಳಗೆ ಪೆಟ್ರೋಲ್ ವಾಸನೆ; ಕೂತರೆ ಅವಳಿಗೆ ವಾಂತಿ. ಭದ್ರಾವತಿಗೆ ಹೊರಟರೆ ಅವಳು ಬಸ್ಸಿನಲ್ಲಿ ಮುಂದೆ, ನಾನು ಖಾಲಿ ಕಾರಿನಲ್ಲಿ ಹಿಂದೆ. ಇಂಥ ಮೆರವಣಿಗೆ ಎಲ್ಲಾದರೂ ಕಂಡಿದ್ದೀರಾ? ಸಾಲದ್ದಕ್ಕೆ ಇಂಜಿನ್ ದೀಪ ಬೇರೆ ಆರುತ್ತಿರಲಿಲ್ಲ. ಗ್ಯಾರೇಜಿನವರು ಕಂಪ್ಯೂಟರ್ ಚುಚ್ಚಿ ನೋಡಿ, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆಯಲ್ಲಿ ದೋಷವಿದೆ, ಒಂದೊಂದೇ ಭಾಗ ಬದಲಿಸುತ್ತಾ ಹೋಗೋಣ, ಎಲ್ಲೋ ಒಂದು ಕಡೆ ಸರಿಹೋಗುತ್ತೆ ಎಂದಿದ್ದರು.

ಮಾವ ನಕ್ಕರು. "ಬದಲಾಯಿಸೋಕೆ ಮುಂಚೆ ವಿಚಾರಣೆ ಬೇಡ್ವೇನೋ ಮಾರಾಯ?"

ವಿಚಾರಣೆ ಅಂಗಳದಲ್ಲೇ ಶುರುವಾಯಿತು. ಅಮ್ಮನ ಬಸ್ ಟಿಕೆಟನ್ನು ಪೆಟ್ರೋಲ್ ಮುಚ್ಚಳದ ಅಂಚಿಗೆ ಸಿಕ್ಕಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಎಳೆದರು. ಟಿಕೆಟ್ ಅಲ್ಲಾಡಲಿಲ್ಲ, ಮುಚ್ಚಳದ ರಬ್ಬರು ನಿರ್ದೋಷಿ. ಇಂಜಿನ್ ಬಳಿಯ ಪುಟ್ಟ ವಾಲ್ವನ್ನು ಬಿಚ್ಚಿ, ಒರೆಸಿ, ಕೊಳಲಿನಂತೆ ತುಟಿಗಿಟ್ಟು ಊದಿದರು. ಗಾಡಿ ನಿಂತಿರುವಾಗ ಅದರಲ್ಲಿ ಗಾಳಿ ದಾಟಬಾರದಂತೆ. ದಾಟಲಿಲ್ಲ. ಅದೂ ಪಾಸು.

ಆಮೇಲೆ ಅಮ್ಮನನ್ನು ಕರೆದರು. "ಅಕ್ಕ, ನಿನ್ನ ಮೂಗು ಸ್ವಲ್ಪ ಬೇಕಿತ್ತು. ನನ್ನದನ್ನ ಕಾರ್ಖಾನೆ ಹೊಗೆ ಯಾವತ್ತೋ ತಿಂದು ಹಾಕಿದೆ."

ನಾನು ಬೆಪ್ಪಾದೆ. ಊಟಕ್ಕೆ ಕೂತಾಗಲೆಲ್ಲ ಅತ್ತೆಯ ಸಾರನ್ನು ಘಮ್ ಅಂತಿದೆ ಎಂದು ಹೊಗಳುವ ಮನುಷ್ಯನಿಗೆ ವಾಸನೆಯೇ ಗೊತ್ತಾಗುವುದಿಲ್ಲವಂತೆ!

ಅಮ್ಮ ಸೆರಗು ಬಿಗಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಎಡಗಡೆ ಹಿಂದಿನ ಚಕ್ರದ ಬಳಿ ಬಗ್ಗಿದವಳೇ "ಇಲ್ಲೇ ಕಣೋ" ಎಂದು ಚರಂಡಿ ಕಡೆ ಓಡಿದಳು. ಕಂಪ್ಯೂಟರ್ "ವ್ಯವಸ್ಥೆಯಲ್ಲಿ" ಎಂದದ್ದನ್ನು ಶಾಲೆ ಮೆಟ್ಟಿಲು ಹತ್ತದ ನನ್ನಮ್ಮ "ಇಲ್ಲಿ" ಎಂದು ತೋರಿಸಿಬಿಟ್ಟಳು!

ಮಾವ ಕಾರಿನ ಅಡಿಗೆ ನುಸುಳಿ ಕಪ್ಪು ಡಬ್ಬಿಯೊಂದನ್ನು ಹೊರತೆಗೆದರು. ಅದರೊಳಗೆ ಇದ್ದಿಲು, ಟ್ಯಾಂಕಿನ ಆವಿಯನ್ನು ಹೀರಿಟ್ಟುಕೊಂಡು ಇಂಜಿನ್ನಿಗೆ ಕೊಡುವುದು ಅದರ ಕೆಲಸ. ಒಣಗಿರಬೇಕಾದ ಡಬ್ಬಿಯನ್ನು ವಾಲಿಸಿದರೆ ಪೆಟ್ರೋಲೇ ತೊಟ್ಟಿಕ್ಕಿತು.

"ಆವಿ ಕುಡಿಯೋ ಡಬ್ಬಿಗೆ ಪೆಟ್ರೋಲ್ ಕುಡಿಸಿದ್ಯಾರು?"

ಇನ್ಯಾರು? ಬಂಕಿನಲ್ಲಿ ಪಂಪು ತಾನಾಗಿ ಕ್ಲಿಕ್ ಎಂದು ನಿಂತರೂ ಬಿಡದೆ, ಕಾರನ್ನು ಅತ್ತಿತ್ತ ಅಲ್ಲಾಡಿಸಿ ಕುತ್ತಿಗೆವರೆಗೆ ಹಾಕಿಸಿಕೊಳ್ಳುವವನು ನಾನೇ. ಸೀಮೆಎಣ್ಣೆ ಡಬ್ಬಿ ಎಂದೂ ತುಂಬದ ಮನೆಯಲ್ಲಿ ಬೆಳೆದವನಿಗೆ ಏನಾದರೊಂದು ತುಂಬಿ ತುಳುಕುವುದೇ ಹಬ್ಬ. ತಪ್ಪೊಪ್ಪಿಕೊಂಡೆ.

"ಬಿ.ಕಾಂ. ಅಲ್ವಾ, ಸಾಕು ಅನ್ನೋದು ಸಿಲೆಬಸ್‌ನಲ್ಲಿ ಇರಲ್ಲ" ಎಂದರು ಮಾವ. ಮುಂದಿನ ಭಾನುವಾರ ಹೊಸ ಡಬ್ಬಿ ಕೂರಿಸಿ, ಪೆಟ್ರೋಲ್ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ "ಸಾಕು" ಎಂದು ಬರೆದೂ ಕೊಟ್ಟರು. ಬಂಕಿನ ಹುಡುಗಿಯರು ಈಗಲೂ ಅದನ್ನು ಓದಿ ನಗುತ್ತಾರೆ.

ಆ ಭಾನುವಾರ ಅಮ್ಮ ಮೊದಲ ಸಲ ಕಾರಿನಲ್ಲಿ ನೆಮ್ಮದಿಯಾಗಿ ಒರಗಿ ಕೂತಳು. ಶಿವಮೊಗ್ಗದವರೆಗೆ ಪರೀಕ್ಷಿಸಿಯೇ ಬಿಡೋಣವೆಂದು ಮಾವನೂ ಅವಳ ಪಕ್ಕದಲ್ಲಿ ಕೂತರು. ಊರು ದಾಟಿದ ಮೇಲೆ ಕೇಳಿದರು, "ಅಕ್ಕ, ವಾಸನೆ ಬರ್ತಿದೆಯಾ?"

"ಏನೂ ಇಲ್ಲ ಕಣೋ."

ಮಾವ ಕಿಟಕಿಯ ಗಾಜಿನತ್ತ ತಿರುಗಿದರು. ಆಮೇಲೆ ಮೆಲ್ಲಗೆ, "ಹೊರಗೆ?"

ಅಮ್ಮ ತಮ್ಮನ ಮುಖ ನೋಡಿದಳು. ಗಾಜು ಇಳಿಸಿದಳು. "ಎಲ್ಲೋ ಬೆಲ್ಲ ಕಾಯಿಸ್ತಿದಾರೆ" ಎಂದಳು. ಇನ್ನಷ್ಟು ದೂರ ಹೋದ ಮೇಲೆ, "ಈಗ ಗದ್ದೆ ಕೆಸರು." ಮತ್ತೆ, "ಯಾರದೋ ಮನೇಲಿ ಒಣಮೀನು ಹುರೀತಿದಾರೆ, ನಮ್ಮಮ್ಮ ಹುರೀತಿದ್ಲಲ್ಲ, ಹಂಗೇ."

ಮಾವ ಕಣ್ಣು ಮುಚ್ಚಿ ಒಂದೊಂದಕ್ಕೂ ಹೂಂ ಎನ್ನುತ್ತಿದ್ದರು. ನಾನು ಕಾರಿನ ವೇಗವನ್ನು ಇಪ್ಪತ್ತಕ್ಕೆ ಇಳಿಸಿದೆ.